ಸ್ಪಿಟ್‌ಫೈರ್, 109 ಎಂಜಿನ್ ಆಟದಲ್ಲಿ ಯಾಕೆ ಕೈಕೊಡುತ್ತೆ? ಬೂಸ್ಟ್, ಆರ್‌ಪಿಎಂ, ತಾಪಮಾನದ ಲೆಕ್ಕಾಚಾರ

ಕಡೂರು_ಕಾಕ್‌ಪಿಟ್

ಹಾಸನ, ಚಿಕ್ಕಮಗಳೂರು ಕಡೆಯ ಸಿಮ್ (ವಿಮಾನ ಹಾರಿಸೋ ಕಂಪ್ಯೂಟರ್ ಆಟ) ಬಳಗಕ್ಕೆ ನಮಸ್ಕಾರ. ಎರಡು ಆಟ, ಎರಡು ತೊಂದರೆ.

ಒಂದು: ಡಿಸಿಎಸ್ ಆಟದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್ ಎಲ್‌ಎಫ್ 9. ಟೇಕಾಫ್ ಆದಮೇಲೆ ಥ್ರಾಟಲ್ ಪೂರ್ತಿ ಮುಂದೆ, ಬೂಸ್ಟ್ (ಎಂಜಿನ್ ಒಳಗೆ ಹೋಗೋ ಗಾಳಿಯ ಒತ್ತಡ) +18, ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು) 3000. ಮೂಗು ಎತ್ತಿ ಹತ್ತಿಸಿದರೆ ವೇಗ ಗಂಟೆಗೆ 130 ಮೈಲಿ ಆಸುಪಾಸಲ್ಲಿ ನಿಲ್ಲುತ್ತೆ. ಸ್ವಲ್ಪ ಹೊತ್ತಲ್ಲಿ ಸದ್ದು ಒರಟಾಗಿ ಎಂಜಿನ್ ನಿಂತೇ ಹೋಗುತ್ತೆ.

ಎರಡು: ಐಎಲ್-2 ಗ್ರೇಟ್ ಬ್ಯಾಟಲ್ಸ್ ಆಟದ ಜರ್ಮನ್ ಯುದ್ಧವಿಮಾನ ಬಿಎಫ್-109 ಎಫ್-4. 1.30 ಅಟಾ (ಜರ್ಮನ್ನರ ಬೂಸ್ಟ್ ಅಳತೆ) ಮೇಲೆ ಹೋಗಿಲ್ಲ, ಕಾಂಬ್ಯಾಟ್ ಮೋಡ್. 30 ನಿಮಿಷ ಓಡಬಹುದು ಅಂತ ಆಟವೇ ಹೇಳುತ್ತೆ. ಅದರ ಅರ್ಧ ಹೊತ್ತೂ ಬರೋದಿಲ್ಲ, ಎಂಜಿನ್ ಡ್ಯಾಮೇಜ್.

ಸಹಾಯದ ಆಯ್ಕೆಗಳನ್ನೆಲ್ಲ ಆಫ್ ಮಾಡಿದ್ದೇನೆ. ನಿಜವಾದ ವಿಮಾನದಲ್ಲಿ ಹೇಗೋ ಹಾಗೇ ನಡೆಸಬೇಕು ಅನ್ನೋದು ಆಸೆ. ಬಲ್ಲವರು ಬಿಡಿಸಿ ಹೇಳಿ.

ಮೂಡಿಗೆರೆ_ಮೆರ್ಲಿನ್

ಸ್ಪಿಟ್‌ಫೈರ್ ವಿಷಯ ನಾನು ಹೇಳ್ತೀನಿ, 109 ಅನ್ನು ಬೇಲೂರಿನವರಿಗೆ ಬಿಡ್ತೀನಿ.

ಸ್ಪಿಟ್‌ನ ಎಂಜಿನ್ ಮೆರ್ಲಿನ್ 66ಕ್ಕೆ ಪೈಲಟ್ ಕೈಪಿಡಿಯಲ್ಲಿ ಮೂರು ಹಂತ ಇದೆ. ಕಾದಾಟಕ್ಕೆ 3000 ಆರ್‌ಪಿಎಂ, +18 ಪೌಂಡ್, 5 ನಿಮಿಷ. ಹತ್ತೋದಕ್ಕೆ 2850, +12, ಒಂದು ಗಂಟೆ. ಎಷ್ಟು ಹೊತ್ತಾದರೂ ಸರಿ ಅನ್ನೋ ಹಂತಕ್ಕೆ 2650, +7. ಕೂಲಂಟ್ (ಎಂಜಿನ್ ತಣಿಸೋ ದ್ರವ) ಮಿತಿ ಕಾದಾಟದಲ್ಲಿ 135 ಡಿಗ್ರಿ, ಹತ್ತುವಾಗ 125. ಆಯಿಲ್ ಕಾದಾಟದಲ್ಲಿ 105, ಹತ್ತುವಾಗ 90. ನೀವು ಕಾದಾಟದ ಸೆಟ್ಟಿಂಗ್ ಇಟ್ಟುಕೊಂಡು ಹತ್ತಿಸುತ್ತಿದ್ದೀರಿ, ಅದೂ 130 ಮೈಲಿಯಲ್ಲಿ.

ಇಲ್ಲಿ ಕೊಲ್ಲುತ್ತಿರೋದು ವೇಗ. ರೇಡಿಯೇಟರ್ ಮೂಲಕ ಗಾಳಿ ತಳ್ಳೋದು ವಿಮಾನದ ವೇಗವೇ, ಕಾರಿನ ಥರ ಫ್ಯಾನ್ ಇಲ್ಲ. ಶಕ್ತಿ ಪೂರ್ತಿ, ಗಾಳಿ ಅರೆಬರೆ ಅಂದಮೇಲೆ ಶಾಖ ಎಲ್ಲಿಗೆ ಹೋಗಬೇಕು? ಸ್ಪಿಟ್ 9ರ ರೇಡಿಯೇಟರ್ ಬಾಗಿಲು ತಾನಾಗೇ 115 ಡಿಗ್ರಿಯಲ್ಲಿ ತೆರೆಯುತ್ತೆ. ತೆರೆದಮೇಲೂ ಮುಳ್ಳು ಏರುತ್ತಲೇ ಇದ್ದರೆ ಪೈಲಟ್ ಕೈಯಲ್ಲಿ ಉಳಿಯೋದು ಎರಡೇ: ಮೂಗು ಇಳಿಸೋದು, ಬೂಸ್ಟ್ ಇಳಿಸೋದು.

ಹೀಗೆ ಮಾಡಿ. ಓಟ ಶುರು ಮಾಡುವಾಗ +7, +8 ಸಾಕು. +18 ಕೊಟ್ಟರೆ ವಿಮಾನ ಪಕ್ಕಕ್ಕೆ ಎಳೆಯುತ್ತೆ, ರಡ್ಡರ್ ಸಾಲದು. ಚಕ್ರ ಒಳಗೆ ಹೋದಮೇಲೆ ಥ್ರಾಟಲ್ +12, ಆಮೇಲೆ ಆರ್‌ಪಿಎಂ 2850. ಮೂಗನ್ನು ಎಷ್ಟು ಎತ್ತಬೇಕು ಅಂತ ವೇಗವೇ ಹೇಳಲಿ: 160ಕ್ಕಿಂತ ಕೆಳಗೆ ಬಿಡಬೇಡಿ, ಬಿಸಿಲಿನ ಮಿಷನ್ ಆದರೆ 180 ಇಟ್ಟುಕೊಳ್ಳಿ. ಕೂಲಂಟ್ 110ರ ಸುತ್ತ ನಿಲ್ಲಬೇಕು. 120 ದಾಟಿತಾ, ಹತ್ತೋದು ನಿಲ್ಲಿಸಿ ನೆಟ್ಟಗೆ ಹಾರಿ, +7ಕ್ಕೆ ಇಳಿಸಿ, 200 ಮೈಲಿ ಬರಲಿ.

ಆಯಿಲ್ ಮುಳ್ಳು ಕೂಲಂಟ್‌ಗಿಂತ ನಿಧಾನ, ಏರೋದೂ ನಿಧಾನ, ಇಳಿಯೋದೂ ನಿಧಾನ. ಕೂಲಂಟ್ ಸರಿಹೋಯಿತು ಅಂತ ಕೂಡಲೇ +18ಕ್ಕೆ ತಳ್ಳಿದರೆ ಆಯಿಲ್ ಇನ್ನೂ 100ರ ಹತ್ತಿರವೇ ಕೂತಿರುತ್ತೆ. ಎರಡೂ ಇಳಿದಮೇಲೇ ಮತ್ತೆ ತಳ್ಳಬೇಕು.

ಬೇಲೂರು_109

ಎಫ್-4ಗೆ ಐಎಲ್-2 ಕೊಡೋ ಲೆಕ್ಕ: 1.15 ಅಟಾವರೆಗೆ ಸಮಯದ ಮಿತಿ ಇಲ್ಲ, 1.30ರಲ್ಲಿ 30 ನಿಮಿಷ, 1.42 ಅಟಾ ಮತ್ತು 2700 ಆರ್‌ಪಿಎಂನಲ್ಲಿ 1 ನಿಮಿಷ. 1.30 ದಾಟಿದ ಕ್ಷಣವೇ ಎಮರ್ಜೆನ್ಸಿ ಗಡಿಯಾರ ಓಡುತ್ತೆ, 1.42 ಮುಟ್ಟಲೇಬೇಕು ಅಂತಿಲ್ಲ.

ಕಡೂರಿನವರೇ, ನೀವು 1.30ರ ಗೆರೆ ಮೇಲೇ ಥ್ರಾಟಲ್ ಇಟ್ಟಿದ್ದೀರಿ. ಪರದೆ ಮೇಲೆ ಎಂಜಿನ್ ಸಂದೇಶ ತೋರಿಸೋ ಟೆಕ್ನೋಚಾಟ್ ಆನ್ ಮಾಡಿ, ಥ್ರಾಟಲ್‌ನಿಂದ ಕೈ ತೆಗೆದು ಅರ್ಧ ನಿಮಿಷ ಸುಮ್ಮನೆ ನೋಡಿ. ಕಾಂಬ್ಯಾಟ್, ಎಮರ್ಜೆನ್ಸಿ, ಕಾಂಬ್ಯಾಟ್ ಅಂತ ಸಂದೇಶ ಬದಲಾಗುತ್ತಾ ಇದ್ದರೆ ಥ್ರಾಟಲ್ ಒಳಗಿನ ಪೊಟೆನ್ಶಿಯೋಮೀಟರ್ (ಲಿವರ್ ಎಲ್ಲಿದೆ ಅಂತ ಅಳೆಯೋ ಬಿಡಿಭಾಗ, ಪಾಟ್) ನಡುಗುತ್ತಿದೆ ಅಂತ ಅರ್ಥ. ಒಂದು ಶೇಕಡಾ ನಡುಗಿದರೆ ಸಾಕು, ಆಟದ ಲೆಕ್ಕದಲ್ಲಿ ನೀವು ಎಮರ್ಜೆನ್ಸಿ ಸಮಯ ತಿನ್ನುತ್ತಾ ಇದ್ದೀರಿ.

ಕಾದಾಟ ಇಲ್ಲದಾಗ 1.15ಕ್ಕೆ ಇಳಿಸಿ, ಖರ್ಚಾದ ಸಮಯ ವಾಪಸ್ ತುಂಬಿಕೊಳ್ಳುತ್ತೆ. ಕಾದಾಟದಲ್ಲಿ 1.30ರ ಬದಲು 1.28 ಇಡಿ, ಕಳೆದುಕೊಳ್ಳೋ ಶಕ್ತಿ ಲೆಕ್ಕಕ್ಕಿಲ್ಲ.

109ರದೇ ಜಿ-2 ಮಾದರಿ ತಗೊಂಡರೆ ಈ ಕಿರಿಕಿರಿಯೇ ಇಲ್ಲ. ಅದರಲ್ಲಿ ಥ್ರಾಟಲ್ ಪೂರ್ತಿ ತಳ್ಳಿದರೂ 1.30, 2600ಕ್ಕೇ ನಿಲ್ಲುತ್ತೆ, 30 ನಿಮಿಷ.

ಸಕಲೇಶಪುರ_ಸ್ಟಿಕ್

ಒಂದು ಸಂದೇಹ. ಆರ್‌ಪಿಎಂ ಕಮ್ಮಿ ಇದ್ದರೆ ಎಂಜಿನ್‌ಗೆ ಆಯಾಸ ಕಮ್ಮಿ ಅಲ್ವಾ? 2000 ಆರ್‌ಪಿಎಂ ಇಟ್ಟು +12 ಬೂಸ್ಟ್ ಕೊಟ್ಟರೆ ಏನಾಗುತ್ತೆ?

ಮೂಡಿಗೆರೆ_ಮೆರ್ಲಿನ್

ಲೋಡ್ ಲಾರಿಯನ್ನು ಚಾರ್ಮಾಡಿ ತಿರುವಲ್ಲಿ ಟಾಪ್ ಗೇರಲ್ಲೇ ಆಕ್ಸಿಲರೇಟರ್ ಒತ್ತಿ ಹತ್ತಿಸಿದರೆ ಏನಾಗುತ್ತೋ ಅದೇ. ಸಿಲಿಂಡರ್ ಒಳಗೆ ಗಾಳಿ, ಪೆಟ್ರೋಲ್ ಒತ್ತಿ ತುಂಬಿದ್ದೀರಿ, ಪಿಸ್ಟನ್ ನಿಧಾನಕ್ಕೆ ಚಲಿಸುತ್ತಿದೆ. ಒತ್ತಡ, ಶಾಖ ಎರಡಕ್ಕೂ ಸಮಯ ಸಿಗುತ್ತೆ, ಕಿಡಿಯ ಬೆಂಕಿ ತಲುಪೋ ಮುಂಚೆಯೇ ಉಳಿದ ಮಿಶ್ರಣ ಸಿಡಿಯುತ್ತೆ. ಅದೇ ನಾಕಿಂಗ್. ಬೇರಿಂಗ್, ಪಿಸ್ಟನ್ ತಲೆ ಹೋಗೋದು ಹೀಗೆ, ಮತ್ತೆ ಇದು ಕೂಲಂಟ್ ಮುಳ್ಳಲ್ಲಿ ಕಾಣೋದಿಲ್ಲ.

ಅದಕ್ಕೇ ಕ್ರಮ. ಶಕ್ತಿ ಏರಿಸುವಾಗ ಮೊದಲು ಮಿಕ್ಸ್ಚರ್ (ಗಾಳಿ, ಪೆಟ್ರೋಲ್ ಪ್ರಮಾಣ), ಆಮೇಲೆ ಆರ್‌ಪಿಎಂ, ಕೊನೆಗೆ ಥ್ರಾಟಲ್. ಇಳಿಸುವಾಗ ಮೊದಲು ಥ್ರಾಟಲ್, ಆಮೇಲೆ ಆರ್‌ಪಿಎಂ. ಹಿಂದಿನಿಂದ ಶತ್ರು ಬಿದ್ದಾಗ ಎಲ್ಲರೂ ಮೊದಲು ಥ್ರಾಟಲ್ಲೇ ತಳ್ಳೋದು, ಆಟಗಾರರ ಎಂಜಿನ್ ಹೆಚ್ಚಾಗಿ ಹೋಗೋದೂ ಅಲ್ಲೇ. ಕಾದಾಟದ ಪ್ರದೇಶಕ್ಕೆ ಹೋಗೋ ಮುಂಚೆಯೇ ಆರ್‌ಪಿಎಂ 2850ಕ್ಕೆ ತಂದಿಟ್ಟುಕೊಳ್ಳಿ, ಆಗ ಥ್ರಾಟಲ್ ಒಂದನ್ನೇ ನೋಡಿಕೊಂಡರೆ ಸಾಕು.

ಹಾಸನ_ಹರಿಕೇನ್

ಲಾರಿ ಹೋಲಿಕೆ ಅರ್ಧ ಸರಿ. ಗೇರಲ್ಲಿ ಅನುಪಾತ ನಿಂತಿರುತ್ತೆ. ಇಲ್ಲಿ ಆರ್‌ಪಿಎಂ ಲಿವರ್ ಹೇಳೋದು ಗವರ್ನರ್‌ಗೆ, 'ಇಷ್ಟು ಆರ್‌ಪಿಎಂ ಕಾಪಾಡು' ಅಂತ. ಪ್ರೊಪೆಲ್ಲರ್ ಅಲಗಿನ ಕೋನವನ್ನು ಗವರ್ನರ್ ತಾನೇ ತಿರುಗಿಸಿಕೊಳ್ಳುತ್ತೆ. ಅದಕ್ಕೇ ಥ್ರಾಟಲ್ ಎಳೆದರೂ ಆರ್‌ಪಿಎಂ ಮುಳ್ಳು ಅಲ್ಲಾಡೋದಿಲ್ಲ, ಹೊಸಬರು ಗೊಂದಲ ಬೀಳೋದು ಇಲ್ಲೇ.

ಇನ್ನೊಂದು. ಕಮ್ಮಿ ಆರ್‌ಪಿಎಂ ಯಾವಾಗಲೂ ತಪ್ಪು ಅಂತ ಹೊಸಬರು ತಿಳಿಯಬಾರದು. ಬೂಸ್ಟ್ ಮಿತವಾಗಿದ್ದರೆ ಕಮ್ಮಿ ಆರ್‌ಪಿಎಂ ಪೆಟ್ರೋಲ್ ಉಳಿಸುತ್ತೆ. 1944ರಲ್ಲಿ ಪೆಸಿಫಿಕ್‌ನಲ್ಲಿ ಹೆಸರಾಂತ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅಮೆರಿಕದ ಪಿ-38 ಯುದ್ಧವಿಮಾನದ ಪೈಲಟ್‌ಗಳಿಗೆ ಕಲಿಸಿದ್ದು ಇದನ್ನೇ: 1600 ಆರ್‌ಪಿಎಂ, ಮ್ಯಾನಿಫೋಲ್ಡ್ ಒತ್ತಡ (ಅಮೆರಿಕದವರ ಬೂಸ್ಟ್ ಅಳತೆ) 30 ಇಂಚಿನ ಸುತ್ತ, ಮಿಕ್ಸ್ಚರ್ ಆಟೋ ಲೀನ್ (ಪೆಟ್ರೋಲ್ ಕಮ್ಮಿ). ಹಾರಾಟದ ದೂರ ಚೆನ್ನಾಗಿ ಹೆಚ್ಚಿತು. ಸ್ಪಿಟ್‌ಫೈರ್ ಕೈಪಿಡಿಯೂ ದೂರದ ಹಾರಾಟಕ್ಕೆ 1800ವರೆಗೆ ಇಳಿಸಬಹುದು ಅನ್ನುತ್ತೆ. 2000 ಆರ್‌ಪಿಎಂ ತಪ್ಪಲ್ಲ, ಅದರ ಜೊತೆ +12 ತಪ್ಪು.

ರತ್ನಗಿರಿ_ರೇಡಿಯಲ್

ಅಟಾ, ಪೌಂಡ್, ಇಂಚು, ಮಿಲಿಮೀಟರ್ ಅಂತ ಒಂದೊಂದು ವಿಮಾನಕ್ಕೆ ಒಂದೊಂದು ಅಳತೆ. ಇದನ್ನು ಒಂದು ಸಲ ಯಾರಾದರೂ ಬರೆದಿಟ್ಟರೆ ಎಲ್ಲರಿಗೂ ಉಪಕಾರ.

ಹಾಸನ_ಹರಿಕೇನ್

ನಾಲ್ಕೂ ಅಳೆಯೋದು ಒಂದನ್ನೇ, ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಗಾಳಿಯ ಒತ್ತಡ. ಬ್ರಿಟಿಷರ +0 ಅಂದರೆ ಸಮುದ್ರ ಮಟ್ಟದ ಒತ್ತಡ, 29.92 ಇಂಚು. ಅಲ್ಲಿಂದ ಮೇಲೆ ಪ್ರತಿ ಪೌಂಡ್‌ಗೆ 2.04 ಇಂಚು ಸೇರಿಸಿ. +7 ಅಂದರೆ 44 ಇಂಚು, +12 ಅಂದರೆ 54, +18 ಅಂದರೆ ಹತ್ತಿರ ಹತ್ತಿರ 67. ಜರ್ಮನ್ 1 ಅಟಾ ಅಂದರೆ 29 ಇಂಚಿಗೆ ಕೂದಲೆಳೆ ಕಮ್ಮಿ. 1.30 ಅಂದರೆ 37.6 ಇಂಚು, 1.42 ಅಂದರೆ 41. ರಷ್ಯನ್ ಯುದ್ಧವಿಮಾನ ಯಾಕ್‌ನ 1050 ಮಿಲಿಮೀಟರ್ ಕೂಡ 41 ಇಂಚೇ.

ಈಗ ಅಮೆರಿಕದ ಮಸ್ಟಾಂಗ್, ಅಂದರೆ ಪಿ-51 ನೋಡಿ. ಪಿ-51ಡಿ ವಾರ್ ಎಮರ್ಜೆನ್ಸಿ 67 ಇಂಚು, 3000 ಆರ್‌ಪಿಎಂ, 5 ನಿಮಿಷ. ಸ್ಪಿಟ್‌ನ +18 ಕೂಡ 67 ಇಂಚು, 3000, 5 ನಿಮಿಷ. ಎರಡರಲ್ಲೂ ಇರೋದು ಮೆರ್ಲಿನ್ನೇ, ಒಂದು ಡರ್ಬಿ ಕಡೆಯದು, ಇನ್ನೊಂದು ಅಮೆರಿಕದ ಪ್ಯಾಕರ್ಡ್ ಮಾಡಿದ್ದು. 109 ಇಷ್ಟು ಕಮ್ಮಿ ಒತ್ತಡದಲ್ಲೂ ಸಮಸಮ ಹೋರಾಡೋದಕ್ಕೆ ಕಾರಣ ಎಂಜಿನ್ ಗಾತ್ರ: 109 ಜಿ-2ರ ಡಿಬಿ-605 35.7 ಲೀಟರ್, ಮೆರ್ಲಿನ್ 27 ಲೀಟರ್.

ಎಂಜಿನ್ ಆಫ್ ಇದ್ದಾಗ ಮ್ಯಾನಿಫೋಲ್ಡ್ ಮುಳ್ಳು ಸೊನ್ನೆ ತೋರಿಸೋದಿಲ್ಲ, ಹೊರಗಿನ ಗಾಳಿಯ ಒತ್ತಡ ತೋರಿಸುತ್ತೆ. ಡಿಸಿಎಸ್‌ನ ಬಟೂಮಿ ವಿಮಾನ ನಿಲ್ದಾಣ ಸಮುದ್ರದ ಪಕ್ಕ, ಅಲ್ಲಿ 30ರ ಹತ್ತಿರ ಇರುತ್ತೆ. ನಮ್ಮ ಹಾಸನ 970 ಮೀಟರ್ ಎತ್ತರ ಅಂತ ಹಿಡಿದರೆ ಇಲ್ಲಿ ನಿಲ್ಲಿಸಿದ ಮಸ್ಟಾಂಗ್ 26.6 ತೋರಿಸಬೇಕು. ಮುಳ್ಳಯ್ಯನಗಿರಿ ತುದಿ 1930 ಮೀಟರ್, ಅಲ್ಲಿ 23.7. ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಸೂಪರ್‌ಚಾರ್ಜರ್ ಇರೋದೇ ಈ ಕೊರತೆ ತುಂಬೋದಕ್ಕೆ.

ಸಕಲೇಶಪುರ_ಸ್ಟಿಕ್

ಹಾಗಾದರೆ ಯಾಕ್-1ರಲ್ಲಿ ಸೂಪರ್‌ಚಾರ್ಜರ್ ಗೇರ್ ಯಾವಾಗ ಬದಲಾಯಿಸಬೇಕು? 109ರಲ್ಲಿ ಆ ಗುಂಡಿಯೇ ಕಾಣಲ್ಲ.

ಬೇಲೂರು_109

109ರಲ್ಲಿ ಹೈಡ್ರಾಲಿಕ್ ಕಪ್ಲಿಂಗ್ ಇದೆ. ಎತ್ತರಕ್ಕೆ ತಕ್ಕ ಹಾಗೆ ಸೂಪರ್‌ಚಾರ್ಜರ್ ವೇಗ ತಾನಾಗೇ ಬದಲಾಗುತ್ತೆ, ನೀವು ಮುಟ್ಟೋ ಹಾಗೇ ಇಲ್ಲ.

ಯಾಕ್‌ನ ಎಂಜಿನ್ ಎಂ-105ಪಿಎಫ್‌ಗೆ ಎರಡು ಗೇರ್. ಒಂದನೇ ಗೇರಲ್ಲಿ 700 ಮೀಟರ್‌ವರೆಗೆ ಪೂರ್ತಿ ಒತ್ತಡ ನಿಲ್ಲುತ್ತೆ, ಎರಡನೇದರಲ್ಲಿ 2700 ಮೀಟರ್‌ವರೆಗೆ. 700 ದಾಟಿದ ಕೂಡಲೇ ಬದಲಾಯಿಸಬಾರದು. ಎರಡನೇ ಗೇರ್ ತಿರುಗಿಸೋಕೇ ಎಂಜಿನ್ ಶಕ್ತಿ ಜಾಸ್ತಿ ಬೇಕು, ಒಳಗೆ ಹೋಗೋ ಗಾಳಿಯೂ ಕಾಯುತ್ತೆ. 2000ದಿಂದ 2300 ಮೀಟರ್ ನಡುವೆ, ಅಂದರೆ ಮುಳ್ಳಯ್ಯನಗಿರಿಯ ನೆತ್ತಿ ಸವರಿಕೊಂಡು ಇನ್ನೊಂದಿಷ್ಟು ಮೇಲೆ ಹೋದಮೇಲೆ, ಲಾಭ ಶುರು. ಡೈವ್ ಹೊಡೆದು ಕೆಳಗೆ ಬಂದಾಗ ಮತ್ತೆ ಒಂದಕ್ಕೆ ತರೋದನ್ನು ತುಂಬಾ ಜನ ಮರೆಯುತ್ತಾರೆ. ಆಮೇಲೆ 'ಯಾಕ್ ನೆಲದ ಹತ್ತಿರ ಓಡೋದೇ ಇಲ್ಲ' ಅಂತ ದೂರು.

ಮಿಕ್ಸ್ಚರ್ ಕೂಡ ಕೈಯಲ್ಲೇ. ಆರ್‌ಪಿಎಂ ಬೀಳೋವರೆಗೆ ಲೀನ್ ಮಾಡಿ ಅಂತ ಕೆಲವು ವಿಡಿಯೋಗಳಲ್ಲಿ ಹೇಳ್ತಾರೆ. ಗವರ್ನರ್ ಇರೋ ವಿಮಾನದಲ್ಲಿ ಆರ್‌ಪಿಎಂ ಬೀಳಲ್ಲ, ಅದು ಕೋನ ಬದಲಾಯಿಸಿ ಮುಚ್ಚಿಹಾಕುತ್ತೆ. ಮ್ಯಾನಿಫೋಲ್ಡ್ ಮುಳ್ಳೂ ಮಿಕ್ಸ್ಚರ್‌ಗೆ ಅಲ್ಲಾಡಲ್ಲ. ಎಕ್ಸಾಸ್ಟ್ ಹೊಗೆ ನೋಡಿ: ಕಪ್ಪು ಹೊಗೆ ಇದ್ದರೆ ಪೆಟ್ರೋಲ್ ಜಾಸ್ತಿ. ಹೊಗೆ ಹೋಗೋವರೆಗೆ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಎಳೆಯಿರಿ, ಅಲ್ಲಿಗೆ ನಿಲ್ಲಿಸಿ. ಇನ್ನೂ ಎಳೆದರೆ ಶಕ್ತಿ ಬೀಳುತ್ತೆ. ಇಳಿಯುವಾಗ ಮತ್ತೆ ಮುಂದಕ್ಕೆ.

ಯಾಕ್ ಓಡಿಸೋರಿಗೆ ಒಂದು ನೆಮ್ಮದಿ: ಐಎಲ್-2ರಲ್ಲಿ ಈ ಎಂಜಿನ್‌ಗೆ ಸಮಯದ ಮಿತಿ ಇಲ್ಲ. ನೀರು, ಆಯಿಲ್ ರೇಡಿಯೇಟರ್ ನೋಡಿಕೊಂಡರೆ ಪೂರ್ತಿ ಥ್ರಾಟಲಲ್ಲೇ ಇರಬಹುದು.

ರತ್ನಗಿರಿ_ರೇಡಿಯಲ್

ಇದೇ ನನಗೆ ಹಿಡಿಸದ್ದು. ಯಾಕ್‌ಗೆ ಮಿತಿ ಇಲ್ಲ, 109 ಎಫ್-4ಗೆ ಒಂದೇ ನಿಮಿಷ, ಅಮೆರಿಕದ ಪಿ-40ಗೆ ಮಾತ್ರ ಉಸಿರು ಬಿಡೋಕೂ ಬಿಡಲ್ಲ. ಕೈಪಿಡಿಯ 5 ನಿಮಿಷ ಅನ್ನೋದು ಎಂಜಿನ್ ಆಯಸ್ಸಿನ, ಓವರ್‌ಹಾಲ್‌ನ ಲೆಕ್ಕ. ಆರನೇ ನಿಮಿಷಕ್ಕೆ ಸಿಡಿಯುತ್ತೆ ಅಂತ ಎಲ್ಲೂ ಇಲ್ಲ. ಪಿ-40ರ ಎಂಜಿನ್ ಮಾಡಿದ ಆಲಿಸನ್ ಕಂಪನಿಯೇ 1942ರ ಡಿಸೆಂಬರ್‌ನಲ್ಲಿ ಬರೆದ ಪತ್ರ ಇದೆ: ಆಸ್ಟ್ರೇಲಿಯಾ ಕಡೆ 66 ಇಂಚು, ಮಧ್ಯಪ್ರಾಚ್ಯದಲ್ಲಿ 72 ಇಂಚಿನವರೆಗೆ ಓಡಿಸುತ್ತಿದ್ದಾರೆ ಅಂತ. ಕಂಪನಿಗೆ ಅದು ಇಷ್ಟವಿರಲಿಲ್ಲ ನಿಜ, ಆದರೆ ವಿಮಾನಗಳು ವಾಪಸ್ ಬರುತ್ತಿದ್ದವು.

ಬೇಲೂರು_109

ಒಪ್ಪಿದೆ, ಎಫ್-4ಗೂ ಜರ್ಮನ್ ಕೈಪಿಡಿ 1.42ರಲ್ಲಿ 3 ನಿಮಿಷ ಕೊಡುತ್ತೆ. ಆದರೆ ಗಡಿಯಾರ ತೆಗೆದುಬಿಟ್ಟರೆ ಎಲ್ಲರೂ ಮೊದಲಿಂದ ಕೊನೆವರೆಗೆ ಎಮರ್ಜೆನ್ಸಿಯಲ್ಲೇ ಹಾರುತ್ತಾರೆ. ನಿಜವಾದ ಪೈಲಟ್‌ಗೆ ನಾಳೆಯೂ ಅದೇ ಎಂಜಿನ್ ಬೇಕು, ಮೆಕ್ಯಾನಿಕ್ ಬೈಗುಳವೂ ಇದೆ. ಆಟಗಾರನಿಗೆ ಒಂದು ಗುಂಡಿ ಒತ್ತಿದರೆ ಹೊಸ ವಿಮಾನ.

ರತ್ನಗಿರಿ_ರೇಡಿಯಲ್

ಅದಕ್ಕೆ ಡಿಸಿಎಸ್ ದಾರಿ ಇದೆಯಲ್ಲ, ಶಾಖ ಮತ್ತು ಒತ್ತಡದ ಮೇಲೆ ಲೆಕ್ಕ. 5 ನಿಮಿಷ ಆದಮೇಲೂ ತಂಪಾಗಿದ್ದರೆ ಓಡುತ್ತೆ. ಅಲ್ಲಿ ಎಚ್ಚರಿಕೆ ಸಂದೇಶ ಬರಲ್ಲ, ಅದೂ ಒಳ್ಳೇದೇ. ಮುಳ್ಳು ನೋಡೋದು ಕಲೀತಾರೆ.

ಹಾಸನ_ಹರಿಕೇನ್

ಈ ಜಗಳ ಇಲ್ಲಿ ಬಗೆಹರಿಯಲ್ಲ ಬಿಡಿ. ಪಿ-40 ಬಗ್ಗೆ ಮಾತ್ರ ಒಂದು ಸೇರಿಸ್ತೀನಿ. ಆ ಮಾದರಿಯ ಆಲಿಸನ್‌ಗೆ ತಾನಾಗೇ ಬೂಸ್ಟ್ ಹಿಡಿದಿಡೋ ರೆಗ್ಯುಲೇಟರ್ ಇಲ್ಲ. ಮೇಲೆ 4000 ಮೀಟರಲ್ಲಿ ಥ್ರಾಟಲ್ ಪೂರ್ತಿ ಇಟ್ಟು ಡೈವ್ ಹೊಡೆದರೆ ಕೆಳಗೆ ಗಾಳಿ ದಟ್ಟವಾದಂತೆ ಮ್ಯಾನಿಫೋಲ್ಡ್ ಒತ್ತಡ ತಾನೇ ಏರುತ್ತಾ ಹೋಗುತ್ತೆ. ಕೈ ಮುಟ್ಟದೆಯೇ ಮಿತಿ ದಾಟಿರುತ್ತೆ. ಡೈವ್ ಉದ್ದಕ್ಕೂ ಥ್ರಾಟಲ್ ಹಿಂದಕ್ಕೆ ತರುತ್ತಾ ಇರಬೇಕು. ಐಎಲ್-2ರ ರಿಯಲಿಸಂ ಪಟ್ಟಿಯಲ್ಲಿ ಥ್ರಾಟಲ್ ಮಿತಿ ತಾನೇ ನೋಡಿಕೊಳ್ಳೋ ಆಯ್ಕೆ ಇದೆ, ಕಲಿಯೋವರೆಗೆ ಅದನ್ನು ಆನ್ ಇಟ್ಟರೆ ನಾಚಿಕೆಯೇನಿಲ್ಲ.

ಸಕಲೇಶಪುರ_ಸ್ಟಿಕ್

ಪಿ-47ಗೆ ಮೂರು ಲಿವರ್ ನೋಡಿದರೆ ತಲೆ ತಿರುಗುತ್ತೆ.

ರತ್ನಗಿರಿ_ರೇಡಿಯಲ್

ಥ್ರಾಟಲ್, ಆರ್‌ಪಿಎಂ, ಟರ್ಬೋ (ಎಕ್ಸಾಸ್ಟ್ ಗಾಳಿಯಿಂದ ತಿರುಗೋ ಸೂಪರ್‌ಚಾರ್ಜರ್) ಬೂಸ್ಟ್. ಏರಿಸುವಾಗ ಆರ್‌ಪಿಎಂ, ಥ್ರಾಟಲ್, ಕೊನೆಗೆ ಬೂಸ್ಟ್. ಇಳಿಸುವಾಗ ಬೂಸ್ಟ್, ಥ್ರಾಟಲ್, ಆರ್‌ಪಿಎಂ. ಬೂಸ್ಟ್ ಲಿವರ್ ಯಾವತ್ತೂ ಥ್ರಾಟಲ್‌ಗಿಂತ ಮುಂದೆ ಇರಬಾರದು. ಥ್ರಾಟಲ್ ಮುಚ್ಚಿ ಟರ್ಬೋ ತಿರುಗಿಸಿದರೆ ಗಾಳಿ ಕಾಯೋದು ಬಿಟ್ಟು ಬೇರೇನೂ ಆಗಲ್ಲ. ಕೆಳ ಎತ್ತರದಲ್ಲಿ ಮೊದಲು ಥ್ರಾಟಲ್ ಪೂರ್ತಿ ಬಳಸಿಕೊಳ್ಳಿ, ಅದು ಸಾಲದಾದಾಗ ಟರ್ಬೋ. ಮಿಲಿಟರಿ ಪವರ್ 52 ಇಂಚು, 2700 ಆರ್‌ಪಿಎಂ.

ಇದು ಗಾಳಿಯಲ್ಲೇ ತಣಿಯೋ ಎಂಜಿನ್, ನೋಡಬೇಕಾದ್ದು ಸಿಲಿಂಡರ್ ಹೆಡ್ ತಾಪಮಾನ, 260 ಡಿಗ್ರಿ ಕೊನೆಯ ಗೆರೆ. ಕೌಲ್ ಫ್ಲಾಪ್ (ಎಂಜಿನ್ ಸುತ್ತಲಿನ ಗಾಳಿ ಬಾಗಿಲು) ನೆಲದ ಮೇಲೆ ಪೂರ್ತಿ ತೆರೆದಿರಲಿ, ಹತ್ತುವಾಗ ಬೇಕಾದಷ್ಟು, 225 ಮೈಲಿ ದಾಟಿದಮೇಲೆ ಮುಚ್ಚಿ. ತೆರೆದೇ ಡೈವ್ ಹೊಡೆದರೆ ಬಾಲ ಅದುರುತ್ತೆ. ಡೈವಲ್ಲಿ ಥ್ರಾಟಲ್ ಪೂರ್ತಿ ಎಳೆಯೋದೂ ಕೆಟ್ಟದ್ದು. ಆಗ ಗಾಳಿ ಪ್ರೊಪೆಲ್ಲರ್ ತಿರುಗಿಸಿ, ಪ್ರೊಪೆಲ್ಲರ್ ಎಂಜಿನ್ ತಿರುಗಿಸುತ್ತೆ, ಕಾದ ಸಿಲಿಂಡರ್ ಒಮ್ಮೆಲೇ ತಣ್ಣಗಾಗುತ್ತೆ. ಸ್ವಲ್ಪ ಶಕ್ತಿ ಉಳಿಸಿಕೊಂಡೇ ಇಳಿಯಿರಿ.

ಲಿವರ್ ಬೇಡ ಅನ್ನೋರಿಗೆ ಜರ್ಮನ್ ಎಫ್‌ಡಬ್ಲ್ಯೂ-190 ಎ ಇದೆ. ಅದರ ಕೊಮಾಂಡೋಗೆರೆಟ್ ಅನ್ನೋ ಯಂತ್ರ ಆರ್‌ಪಿಎಂ, ಮಿಕ್ಸ್ಚರ್, ಸೂಪರ್‌ಚಾರ್ಜರ್, ಕಿಡಿಯ ಸಮಯ ಎಲ್ಲವನ್ನೂ ಒಂದೇ ಥ್ರಾಟಲ್‌ನಿಂದ ನಡೆಸುತ್ತೆ. 1.20 ಅಟಾ ನಿರಂತರ, 1.32ರಲ್ಲಿ 30 ನಿಮಿಷ, 1.42ರಲ್ಲಿ 3 ನಿಮಿಷ. ನೆನಪಿಡೋದು ಇಷ್ಟೇ.

ಕಡೂರು_ಕಾಕ್‌ಪಿಟ್

ಎಲ್ಲರಿಗೂ ಧನ್ಯವಾದ. ಬೇಲೂರಿನವರು ಹೇಳಿದ ಹಾಗೆ ನೋಡಿದೆ: ಕೈ ತೆಗೆದರೂ ಟೆಕ್ನೋಚಾಟ್‌ನಲ್ಲಿ ಮೋಡ್ ಬದಲಾಗುತ್ತಲೇ ಇದೆ. ವಿಂಡೋಸ್‌ನ ಜಾಯ್‌ಸ್ಟಿಕ್ ಪರೀಕ್ಷೆಯಲ್ಲೂ ಥ್ರಾಟಲ್ ಗೆರೆ ಕುಣಿಯುತ್ತೆ. ಹೊಸದು ತಗೊಳ್ಳದೆ ಸರಿಮಾಡಬಹುದಾ?

ಮೂಡಿಗೆರೆ_ಮೆರ್ಲಿನ್

ಮಲೆನಾಡಿನ ಮಳೆಗಾಲದಲ್ಲಿ ಇದು ಮಾಮೂಲು. ತೇವ, ಧೂಳು ಸೇರಿ ಪೊಟೆನ್ಶಿಯೋಮೀಟರ್‌ನ ಕಾರ್ಬನ್ ಪಟ್ಟಿ ಮೇಲೆ ಕೂರುತ್ತೆ. ಯುಎಸ್‌ಬಿ ತೆಗೆದು, ತಳದ ಸ್ಕ್ರೂ ಬಿಚ್ಚಿ, ಪಾಟ್‌ನ ಕಾಲುಗಳ ಪಕ್ಕದ ಸಂದಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗೋ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಸಲ ಚಿಮ್ಮಿಸಿ. ಲಿವರನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ನಲವತ್ತು ಸಲ ಆಡಿಸಿ, ಪೂರ್ತಿ ಒಣಗಿದಮೇಲೆ ಜೋಡಿಸಿ ಕ್ಯಾಲಿಬ್ರೇಟ್ ಮಾಡಿ. ಬಾಗಿಲು ಕೀಲಿಗೆ ಹಾಕೋ ಎಣ್ಣೆ ಥರದ ಸ್ಪ್ರೇ ಬೇಡ, ಅದರ ಜಿಡ್ಡಿಗೆ ಮತ್ತೆ ಧೂಳು ಹಿಡಿಯುತ್ತೆ. ಮುಚ್ಚಿಡುವಾಗ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಅದಕ್ಕೂ ಸರಿಹೋಗದಿದ್ದರೆ ಪಟ್ಟಿ ಸವೆದಿದೆ, ಪಾಟ್ ಬದಲಾಯಿಸಬೇಕು. ಹಳೇದರ ಮೇಲೆ ಬಿ10ಕೆ ಅಂತಲೋ ಬಿ100ಕೆ ಅಂತಲೋ ಬರೆದಿರುತ್ತೆ, ಅದೇ ಬೆಲೆಯದು ತನ್ನಿ. ಬಿ ಅಂದರೆ ಲೀನಿಯರ್. ವಾಲ್ಯೂಮ್‌ಗೆ ಹಾಕೋ ಎ ಬಂದರೆ ಅರ್ಧ ಲಿವರ್ ಸತ್ತ ಹಾಗೆ, ಉಳಿದರ್ಧ ಚುರುಕು.

ಸಕಲೇಶಪುರ_ಸ್ಟಿಕ್

ದುಡ್ಡು ಹಾಕದೆ ಇದನ್ನೆಲ್ಲ ಅಭ್ಯಾಸ ಮಾಡೋಕೆ ಯಾವುದು ಒಳ್ಳೇದು?

ಹಾಸನ_ಹರಿಕೇನ್

ಡಿಸಿಎಸ್ ವರ್ಲ್ಡ್ ಜೊತೆ ಉಚಿತವಾಗಿ ಬರೋ ಟಿಎಫ್-51ಡಿ. ಬಂದೂಕು ಇಲ್ಲ ಅಷ್ಟೇ, ಎಂಜಿನ್ ಮಸ್ಟಾಂಗ್‌ದೇ. ಕಾಕಸಸ್ ನಕ್ಷೆಯೂ ಉಚಿತ. ಮಿಷನ್ ಎಡಿಟರಲ್ಲಿ ಹವಾಮಾನಕ್ಕೆ ಹೋಗಿ ತಾಪಮಾನವನ್ನು 35ಕ್ಕೆ ಏರಿಸಿ. ಕಡೂರಿನ ಬೇಸಿಗೆಯಲ್ಲಿ ಹಾರಿಸಿದ ಹಾಗಾಗುತ್ತೆ, ರೇಡಿಯೇಟರ್ ನಿಜಬಣ್ಣ ತೋರಿಸುತ್ತೆ.

61 ಇಂಚು, 3000ದಲ್ಲಿ ಮೇಲೇಳಿ. ಚಕ್ರ ಒಳಗೆ ಹೋದಮೇಲೆ 46 ಇಂಚು, 2700. ಇದು ನಿರಂತರದ ಮಿತಿ. 170 ಮೈಲಿಯಲ್ಲಿ ಹತ್ತಿ. ಕೂಲಂಟ್ 100ರಿಂದ 110 ಇರಬೇಕು, 121 ಕೊನೆ. ಆಯಿಲ್ 70ರಿಂದ 80, ಕೊನೆ 90. 10,000 ಅಡಿಯಲ್ಲಿ ನೆಟ್ಟಗೆ ಹಾರುತ್ತಾ 61ಕ್ಕೆ ಏರಿಸಿ, ಮುಳ್ಳು ಎಷ್ಟು ಬೇಗ ಏರುತ್ತೆ ನೋಡಿ. ಮತ್ತೆ 46ಕ್ಕೆ ತಂದು ಎಷ್ಟು ನಿಧಾನಕ್ಕೆ ಇಳಿಯುತ್ತೆ ನೋಡಿ. ಆಮೇಲೆ ಬೇಕಂತಲೇ 130 ಮೈಲಿಯಲ್ಲಿ ಮೂಗೆತ್ತಿ 61ರಲ್ಲೇ ಹತ್ತಿಸಿ ಕೊಲ್ಲಿ. ಕೂಲಂಟ್ ಕುದಿದು ಹೊರಗೆ ಹೋದಮೇಲೆ ಮುಳ್ಳು ಏನು ಮಾಡುತ್ತೆ, ಸದ್ದು ಹೇಗೆ ಬದಲಾಗುತ್ತೆ ಅಂತ ಗೊತ್ತಾಗುತ್ತೆ.

ಕೂಲಂಟ್, ಆಯಿಲ್ ಬಾಗಿಲುಗಳ ಸ್ವಿಚ್ ಆಟೋದಲ್ಲಿದೆಯಾ ಅಂತ ಟೇಕಾಫ್ ಮುಂಚೆ ನೋಡಿ. ಎಂಜಿನ್ ಕಾಯಿಸುವಾಗ ಓಪನ್‌ಗೆ ಹಾಕಿ ಹಾಗೇ ಬಿಟ್ಟರೆ ಮೇಲೆ ಹೋದಮೇಲೆ ವೇಗ ಸೋರುತ್ತೆ, ಮೆರ್ಲಿನ್ ತಣ್ಣಗೆ ಕೆಮ್ಮುತ್ತೆ.

ಕಡೂರು_ಕಾಕ್‌ಪಿಟ್

ಸ್ಪಿಟ್ 160 ಮೈಲಿಯಲ್ಲಿ +12, 2850 ಇಟ್ಟು 20,000 ಅಡಿ ಹತ್ತಿತು, ಕೂಲಂಟ್ 112 ದಾಟಲಿಲ್ಲ. ಪಾಟ್ ಬಿಚ್ಚೋದು ಭಾನುವಾರ. ಅಲ್ಲಿವರೆಗೆ ಎಫ್-4ರಲ್ಲಿ 1.25. ಕೊನೆಯದಾಗಿ, ಇಳಿದಮೇಲೆ ಎಂಜಿನ್ ಆಫ್ ಮಾಡೋದಕ್ಕೂ ಕ್ರಮ ಇದೆಯಾ?

ಮೂಡಿಗೆರೆ_ಮೆರ್ಲಿನ್

ಇದೆ. ಸ್ಪಿಟ್‌ನಲ್ಲಿ 800–900 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಬಿಡಿ, ಆಮೇಲೆ ಇಂಧನ ಕಟಾಫ್ ಲಿವರ್ ಎಳೆಯಿರಿ. ಪ್ರೊಪೆಲ್ಲರ್ ಪೂರ್ತಿ ನಿಂತಮೇಲೆ ಮ್ಯಾಗ್ನೆಟೋ (ಕಿಡಿ ಕೊಡೋ ಯಂತ್ರ) ಎರಡೂ ಆಫ್, ಆಮೇಲೆ ಪೆಟ್ರೋಲ್ ಕಾಕ್. ಮ್ಯಾಗ್ನೆಟೋ ಮೊದಲೇ ಆಫ್ ಮಾಡಿದರೆ ಸಿಲಿಂಡರಲ್ಲಿ ಪೆಟ್ರೋಲ್ ಉಳಿಯುತ್ತೆ, ಆಗ ನಿಂತ ಪ್ರೊಪೆಲ್ಲರನ್ನು ಮೆಕ್ಯಾನಿಕ್ ಕೈಯಲ್ಲಿ ತಿರುಗಿಸಿದರೂ ಹೊತ್ತಿಕೊಳ್ಳೋ ಅಪಾಯ. ಆಟದಲ್ಲಿ ಮೆಕ್ಯಾನಿಕ್ ಇಲ್ಲ, ಆದರೂ ಅಭ್ಯಾಸ ಇರಲಿ.